ಅರವತ್ತನೆಯ ಗೋಲು

1928ರ ಮೇ 5. ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕ್ ಮೈದಾನ. ಎವರ್ಟನ್ ತಂಡ ಲೀಗ್ ಪ್ರಶಸ್ತಿಯನ್ನು ಆಗಲೇ ಗೆದ್ದಾಗಿತ್ತು. ಆದರೂ ಆರ್ಸೆನಲ್ ವಿರುದ್ಧದ ಕೊನೆಯ ಪಂದ್ಯಕ್ಕೆ ಜನ ಕಿಕ್ಕಿರಿದು ಸೇರಿದ್ದರು. ಎಲ್ಲರ ಕಣ್ಣು 21 ವರ್ಷದ ವಿಲಿಯಂ ರಾಲ್ಫ್ ಡೀನ್ ಅವರ ಮೇಲೆ. ‘ಡಿಕ್ಸಿ’ ಎಂದು ಜನ ಕರೆಯುತ್ತಿದ್ದ ಈ ಮುನ್ಪಡೆ ಆಟಗಾರ ಆ ಲೀಗ್‌ನಲ್ಲಿ ಅದುವರೆಗೆ 57 ಗೋಲು ಹೊಡೆದಿದ್ದರು. ಹಿಂದಿನ ಋತುವಿನಲ್ಲಿ ಎರಡನೇ ಡಿವಿಜನ್‌ನಲ್ಲಿ ಮಿಡಲ್ಸ್‌ಬರೋದ ಜಾರ್ಜ್ ಕ್ಯಾಮ್ಸೆಲ್ ಹೊಡೆದಿದ್ದು 59. ಅದನ್ನು ಮೀರಲು ಇನ್ನು ಮೂರು ಬೇಕು.

ಎರಡು ಗೋಲು ಬೇಗನೆ ಬಂದವು. ಮೂರನೆಯದು ಮಾತ್ರ ಬರಲೊಲ್ಲದು. ಆಟ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಅಲೆಕ್ ಟ್ರೂಪ್ ಮೂಲೆಯಿಂದ ಒದ್ದ ಚೆಂಡು ತೇಲಿ ಬಂತು. ಡೀನ್ ನೆಗೆದು ತಲೆ ಕೊಟ್ಟರು. ಅರವತ್ತು! ಆಡಿದ್ದು 39 ಪಂದ್ಯ. ಇಂಗ್ಲೆಂಡಿನ ಲೀಗ್‌ನಲ್ಲಿ ಈ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ.

ಆ ತಲೆಯ ಕಥೆ ಕೇಳಬೇಕು. 1926ರ ಬೇಸಿಗೆಯಲ್ಲಿ ಮೋಟಾರ್‌ಸೈಕಲ್ ಅಪಘಾತದಲ್ಲಿ ಡೀನ್ ಅವರ ತಲೆಬುರುಡೆ, ದವಡೆ ಮುರಿದಿದ್ದವು. ಇನ್ನು ಆಡುವುದೇ ಅನುಮಾನ ಎಂದರು ವೈದ್ಯರು. ಅದೇ ಅಕ್ಟೋಬರಿನಲ್ಲಿ ಅವರು ಮೈದಾನಕ್ಕಿಳಿದರು! ಬುರುಡೆಯೊಳಗೆ ಲೋಹದ ತಗಡು ಇರುವುದರಿಂದಲೇ ಹೆಡ್ಡಿಂಗ್ ಅಷ್ಟು ಬಲ ಎಂದು ಜನ ಆಡಿಕೊಂಡರು. ಅದು ಬರೀ ಕಟ್ಟುಕಥೆ. ಚೆಂಡಿಗೆ ವೇಗ ಕೊಡುವುದು ಕತ್ತು, ಬೆನ್ನಿನ ಸ್ನಾಯುಗಳು. ಜೊತೆಗೆ ನೆಗೆಯುವ ಗಳಿಗೆಯ ಲೆಕ್ಕಾಚಾರ. ಅಂದಿನ ಚರ್ಮದ ಚೆಂಡು ಮಳೆಯಲ್ಲಿ ನೀರು ಕುಡಿದು ಭಾರವಾಗುತ್ತಿತ್ತು ಎಂಬುದನ್ನೂ ಮರೆಯಬಾರದು.

ನಿಯಮವೂ ನೆರವಾಯಿತು, ನಿಜ. ಚೆಂಡು ಪಡೆಯುವ ಮುನ್ಪಡೆ ಆಟಗಾರನಿಗೂ ಗೋಲುಗೆರೆಗೂ ನಡುವೆ ಎದುರಾಳಿಗಳು ಮೂವರಿರಬೇಕೆಂಬ ಆಫ್‌ಸೈಡ್ ನಿಯಮ 1925ರಲ್ಲಿ ಸಡಿಲಗೊಂಡು, ಇಬ್ಬರಿದ್ದರೆ ಸಾಕೆಂದಾಯಿತು. ಒಂದೇ ವರ್ಷದಲ್ಲಿ ಮೊದಲ ಡಿವಿಜನ್‌ನ ಗೋಲುಗಳು 1192ರಿಂದ 1703ಕ್ಕೇರಿದವು. ಪಂದ್ಯಗಳು ಮಾತ್ರ ಅಷ್ಟೇ, 462. ಸರಾಸರಿಯನ್ನು ವಿದ್ಯಾರ್ಥಿಗಳೇ ತೆಗೆದು ನೋಡಲಿ. ಆದರೆ ಬಾಗಿಲು ತೆರೆದದ್ದು ಎಲ್ಲರಿಗೂ. ಅರವತ್ತು ಹೊಡೆದವರು ಒಬ್ಬರೇ.

1930ರಲ್ಲಿ ಎವರ್ಟನ್ ಎರಡನೇ ಡಿವಿಜನ್‌ಗೆ ಜಾರಿತು. ಡೀನ್ ತಂಡದಲ್ಲೇ ಉಳಿದರು. ಮರುವರ್ಷವೇ ತಂಡ ಮೇಲೇರಿತು, 1932ರಲ್ಲಿ ಲೀಗ್ ಗೆದ್ದಿತು, 1933ರಲ್ಲಿ ಎಫ್.ಎ. ಕಪ್ ಎತ್ತಿತು. ಆ ಫೈನಲ್‌ನಲ್ಲಿ ಡೀನ್ ಅವರದೂ ಒಂದು ಗೋಲು. ಎವರ್ಟನ್‌ಗೆ ಅವರು ಗಳಿಸಿಕೊಟ್ಟ ಗೋಲುಗಳು ಒಟ್ಟು 383.

ಇಳಿವಯಸ್ಸಿನಲ್ಲಿ, 1976ರಲ್ಲಿ, ಅವರ ಬಲಗಾಲನ್ನು ಕತ್ತರಿಸಬೇಕಾಯಿತು. 1980ರ ಮಾರ್ಚ್ 1ರಂದು ಎವರ್ಟನ್–ಲಿವರ್‌ಪೂಲ್ ಪಂದ್ಯ ನೋಡಲು ಹೋದ ಡೀನ್ ಹೃದಯಾಘಾತದಿಂದ ತೀರಿಕೊಂಡರು. ಮೈದಾನ ಅದೇ, ಗುಡಿಸನ್ ಪಾರ್ಕ್.