ಕೃಷಿ ಹೊಂಡದ ಮೀನಿಗೆ ಹಿಂಡಿಯೊಂದೇ ಸಾಲದು
ಮಳೆಯಾಶ್ರಿತ ಹೊಲಗಳಿಗೆಂದು 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯ ಹೊಂಡಗಳಲ್ಲಿ ಕಾಟ್ಲಾ, ರೋಹು ಮರಿಗಳನ್ನು ಬಿಡುವ ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ಭಾಗದ ರೈತರಿಗೆ ಸುಲಭವಾಗಿ ಸಿಗುವ ಮೀನಿನ ಆಹಾರ ಶೇಂಗಾ ಹಿಂಡಿ ಮತ್ತು ತೌಡು. ಹಿಂಡಿಯಲ್ಲಿ ಸುಮಾರು ಶೇ 40ರಷ್ಟು ಪ್ರೋಟೀನ್ ಇದ್ದರೂ, ಮಾಂಸಖಂಡ ಕಟ್ಟುವ ಲೈಸಿನ್, ಮೆಥಿಯೊನಿನ್ ಎಂಬ ಪ್ರೋಟೀನ್ ಘಟಕಗಳು ಅದರಲ್ಲಿ ಕಡಿಮೆಯಿರುವುದರಿಂದ ಅದೊಂದನ್ನೇ ನಂಬಿದ ಮೀನಿನ ಬೆಳವಣಿಗೆ ಕುಂಠಿತವಾಗುತ್ತದೆ. ಮರಿಯ ಹಂತ ದಾಟಿದ ಕಾಟ್ಲಾ, ರೋಹುಗಳಂಥ ಗೆಂಡೆ ಜಾತಿಗೆ ಆಹಾರದಲ್ಲಿ ಶೇ 25–30ರಷ್ಟು ಪ್ರೋಟೀನ್ ಸಾಕು. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಮಣ್ಣಿನ ಸಂಪರ್ಕ ತಪ್ಪಿ, ಸಹಜ ಆಹಾರವಾದ ಪ್ಲವಕಗಳು, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು, ವಿರಳವಾಗುವುದರಿಂದ ಹೊರಗಿನಿಂದ ಹಾಕುವ ಆಹಾರದ ಗುಣವೇ ನಿರ್ಣಾಯಕ. ಮೀನುಗಾರಿಕೆ ಇಲಾಖೆಯು ಮರಿಗಳೊಂದಿಗೆ ಆಹಾರ ಮಿಶ್ರಣದ ಮಾಹಿತಿಯನ್ನೂ ಕೊಡಬೇಕು. ಅಫ್ಲಾಟಾಕ್ಸಿನ್ ವಿಷದ ಭಯವಿರುವ ಬೂಷ್ಟು ಹಿಡಿದ ಹಿಂಡಿಯನ್ನು ರೈತರು ಹೊಂಡಕ್ಕೆ ಹಾಕಬಾರದು.