ಪ್ರಯೋಗಶಾಲೆಯ ಕಿಟಕಿಯಿಂದ: ಮೇಜಿನ ಮೇಲೆ ಮಲಗಿದ ಇಲಿ



ವಾಷಿಂಗ್ಟನ್ ಕಡೆಯಿಂದ ಅಟ್ಲಾಂಟಾಕ್ಕೆ ಕಾರಿನಲ್ಲಿ ಹೊರಡುವ ನಮ್ಮವರು ಪೀಟರ್ಸ್‌ಬರ್ಗಿನಲ್ಲಿ ಐ-85 ಹಿಡಿದು, ಡರ್ಹಮ್ ಹತ್ತಿರ ಕಾಫಿಗೆಂದು ನಿಲ್ಲಿಸುವುದುಂಟು. ಅಲ್ಲಿಂದ ಹತ್ತು ಹನ್ನೆರಡು ಮೈಲಿ ದೂರದಲ್ಲಿರುವ ಚಾಪೆಲ್ ಹಿಲ್ ಊರಿಗೆ ಮೂತ್ರಪಿಂಡದ ಚರಿತ್ರೆಯಲ್ಲಿ ದೊಡ್ಡ ಹೆಸರಿದೆ. ಅಲ್ಲಿನ ವಿಶ್ವವಿದ್ಯಾಲಯದ ಡಾ. ಕಾರ್ಲ್ ಗಾಟ್ಸ್‌ಚಾಕ್ ಅವರು ಇಲಿ ಮೊದಲಾದ ಸಣ್ಣ ಪ್ರಾಣಿಗಳಿಗೆ ಅರಿವಳಿಕೆ ಕೊಟ್ಟು, ಪಕ್ಕೆ ಕೊಯ್ದು ಮೂತ್ರಪಿಂಡವನ್ನು ಹೊರಗೆ ಕಾಣಿಸಿ, ಕೂದಲಿಗಿಂತ ಸಣ್ಣ ಗಾಜಿನ ಸೂಜಿಯಿಂದ ಅದರ ನಾಳಗಳೊಳಗಿನ ದ್ರವವನ್ನು ಹೀರಿ ತೆಗೆದು ಪರೀಕ್ಷಿಸಿದರು. ಮೂತ್ರಪಿಂಡ ನೀರನ್ನು ಉಳಿಸಿ ಮೂತ್ರವನ್ನು ಗಟ್ಟಿ ಮಾಡುವ ಬಗೆ ಹೇಗೆಂಬುದಕ್ಕೆ 1959ರ ಅವರ ಪ್ರಬಂಧ ಬಲವಾದ ಸಾಕ್ಷ್ಯ ಒದಗಿಸಿತು.

ಕೆಲಸವೇನೋ ಅದ್ಭುತ. ಆದರೆ ಇಂಥ ಪ್ರಯೋಗಗಳ ಬೆನ್ನಿಗೆ ಒಂದು ಸಂಶಯ ಯಾವಾಗಲೂ ಅಂಟಿಕೊಂಡಿರುತ್ತದೆ. ಮದ್ದು ಕೊಟ್ಟು ಮಲಗಿಸಿ, ಹೊಟ್ಟೆ ಕೊಯ್ದ ಇಲಿಯ ಮೂತ್ರಪಿಂಡವೂ, ಗೂಡಿನಲ್ಲಿ ಕಾಳು ಕಡಿಯುತ್ತ ಓಡಾಡುವ ಇಲಿಯ ಮೂತ್ರಪಿಂಡವೂ ಒಂದೇ ರೀತಿ ನಡೆದುಕೊಳ್ಳುತ್ತವೆಯೇ? ಬೀಗರು ಬಂದ ದಿನದ ಅಡಿಗೆ ನೋಡಿ, ಆ ಮನೆಯವರು ದಿನವೂ ಹೀಗೇ ಉಣ್ಣುತ್ತಾರೆ ಎಂದು ತೀರ್ಮಾನಿಸಿದ ಹಾಗಾಗಬಾರದಲ್ಲ!

ಸಂಶಯ ನಿಜವೇ ಆಯಿತು. ಕೊಯ್ದ ಜಾಗದ ಸುತ್ತಲಿನ ಅಂಗಾಂಶಗಳಿಗೆ ರಕ್ತದ ದ್ರವಭಾಗವಾದ ಪ್ಲಾಸ್ಮಾ ಸೋರಿಹೋಗುತ್ತದೆ. ಒಂದು ತೊಟ್ಟು ರಕ್ತ ಹೊರಗೆ ಚೆಲ್ಲದಿದ್ದರೂ ನಾಳಗಳಲ್ಲಿ ಹರಿಯುವ ದ್ರವ ಕಡಿಮೆಯಾಗುತ್ತದೆ. ಹೀಗೆ ಸೋರಿದ್ದನ್ನು ಪ್ಲಾಸ್ಮಾ ಕೊಟ್ಟು ತುಂಬಬೇಕೆಂದು 1977ರಲ್ಲಿ ಪ್ರಕಟವಾದ ಇಲಿಗಳ ಅಧ್ಯಯನವೊಂದು ತೋರಿಸಿತು. ಇದರ ಮೇಲೆ ಅರಿವಳಿಕೆಯಿಂದ ರಕ್ತದೊತ್ತಡ ಇಳಿಯಬಹುದು. ಗಾಯದ ಪೆಟ್ಟಿಗೆ ಮೆದುಳು ವಾಸೋಪ್ರೆಸಿನ್ ಎಂಬ ಹಾರ್ಮೋನನ್ನು ಬಿಡುಗಡೆ ಮಾಡಿ, ನೀರನ್ನು ಹೊರಗೆ ಬಿಡಬೇಡವೆಂದು ಮೂತ್ರಪಿಂಡಕ್ಕೆ ಅಪ್ಪಣೆ ಮಾಡುತ್ತದೆ. 1983ರಲ್ಲಿ ನ್ಯೂ ಹ್ಯಾಂಪ್‌ಶೈರಿನ ಡಾರ್ಟ್‌ಮತ್ತಿನವರು, ಮೊದಲೇ ಸಣ್ಣ ಕೊಳವೆಗಳನ್ನು ಕೂರಿಸಿ ಗಾಯ ಮಾಯ್ದಿದ್ದ ಇಲಿಗಳನ್ನು ಎಚ್ಚರವಿದ್ದಾಗಲೂ ಅರಿವಳಿಕೆ-ಶಸ್ತ್ರಕ್ರಿಯೆಗಳ ಹೊತ್ತಿನಲ್ಲೂ ಅಳೆದು ನೋಡಿದರು. ಮೂತ್ರಪಿಂಡದ ರಕ್ತಪ್ರವಾಹ, ಸೋಸುವಿಕೆ ಎರಡೂ ಶಸ್ತ್ರಕ್ರಿಯೆಯಿಂದ ತಗ್ಗಿದ್ದವು. ಈಗಂತೂ ಇಲಿಯ ಚರ್ಮಕ್ಕೆ ಪುಟ್ಟ ಸಾಧನವೊಂದನ್ನು ಅಂಟಿಸಿ, ಅದು ಓಡಾಡುತ್ತಿರುವಾಗಲೇ ಸೋಸುವಿಕೆಯನ್ನು ಅಳೆಯುವ ಉಪಾಯವೂ ಬಂದಿದೆ.

ಇಲಿಯ ಕಥೆ ನಮಗೇಕೆ ಎನ್ನುವಿರಾ? 1977ರ ಇನ್ನೊಂದು ಪ್ರಯೋಗ ಕೇಳಿ. ಇದು ನಾಯಿಗಳ ಮೇಲೆ ನಡೆದದ್ದು. ಎಚ್ಚರವಿದ್ದ ನಾಯಿಗಳಿಗೆ ಇಂಡೊಮೆಥಾಸಿನ್ ಎಂಬ ನೋವು ನಿವಾರಕ ಕೊಟ್ಟಾಗ ಮೂತ್ರಪಿಂಡದ ರಕ್ತಪ್ರವಾಹ ಹೆಚ್ಚು ಕದಲಲಿಲ್ಲ. ಅರಿವಳಿಕೆ ಕೊಟ್ಟು ಹೊಟ್ಟೆ ಕೊಯ್ದ ನಾಯಿಗಳಿಗೆ ಅದನ್ನೇ ಕೊಟ್ಟಾಗ ಪ್ರವಾಹ ಗಣನೀಯವಾಗಿ ಇಳಿಯಿತು. ಕಾರಣ ರಸಾಯನಶಾಸ್ತ್ರದ್ದು, ಹಾಗಾಗಿ ನಮಗೆ ಪ್ರಿಯವಾದದ್ದು. ಸಂಕಟಕಾಲದಲ್ಲಿ ಮೂತ್ರಪಿಂಡ ಪ್ರೋಸ್ಟಗ್ಲಾಂಡಿನ್ ಎಂಬ ವಸ್ತುಗಳನ್ನು ತಯಾರಿಸಿ ತನ್ನ ರಕ್ತನಾಳಗಳನ್ನು ತೆರೆದಿಟ್ಟುಕೊಳ್ಳುತ್ತದೆ. ಈ ಮಾತ್ರೆ ಆ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಸುಖದ ದಿನಗಳಲ್ಲಿ ಬೇಕಿಲ್ಲದ ಊರುಗೋಲನ್ನು ಕಷ್ಟದ ದಿನ ಕಿತ್ತುಕೊಂಡ ಹಾಗೆ.

ಐಬುಪ್ರೊಫೆನ್ ಇದೇ ಕುಲದ್ದು. ಬೇಸಿಗೆಗೆಂದು ಊರಿನಿಂದ ಬರುವ ನಮ್ಮ ತಂದೆತಾಯಿಯರ ಕೈಚೀಲದಲ್ಲಿ ಮಂಡಿನೋವಿನ ಮಾತ್ರೆ, ಬಿ.ಪಿ. ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ಜೊತೆಗೆ ಚೂರ್ಣ ಲೇಹ್ಯಗಳು ಇದ್ದೇ ಇರುತ್ತವೆ. ಇಲ್ಲಿರುವಾಗ ಆಪರೇಷನ್ ಆಗಬೇಕಾಗಿ ಬಂದರೆ, ಆ ಚೀಲವನ್ನು ಹಾಗೆಯೇ ತೆಗೆದುಕೊಂಡು ಹೋಗಿ ಅರಿವಳಿಕೆ ವೈದ್ಯರ ಮುಂದೆ ಬಿಚ್ಚಿಡಿ. "ಅದೇನು ಮಹಾ, ಬರೀ ನೋವಿನ ಮಾತ್ರೆ" ಎಂದು ಮುಚ್ಚಿಡುವುದು ಬೇಡ. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ನುಂಗಬೇಕು ಎಂಬುದನ್ನು ಅವರೇ ಹೇಳಲಿ. ನಾವಾಗಿ ನಿಲ್ಲಿಸುವುದೂ ಸಲ್ಲದು.

ಆಪರೇಷನ್ ಆದ ಮೇಲೆ ದಾದಿ ಬಂದು ಮೂತ್ರದ ಚೀಲವನ್ನು ಮತ್ತೆ ಮತ್ತೆ ನೋಡಿ ಬರೆದುಕೊಳ್ಳುವುದು ಸುಮ್ಮನೆ ಅಲ್ಲ. ಗಂಟೆಗೆ, ದೇಹದ ತೂಕದ ಒಂದೊಂದು ಕಿಲೋಗೆ ಅರ್ಧ ಮಿಲಿಲೀಟರು, ಅಂದರೆ 60 ಕಿಲೋ ತೂಕದವರಿಗೆ 30 ಮಿಲಿಲೀಟರು, ಇದಕ್ಕಿಂತ ಕಡಿಮೆ ಮೂತ್ರ ಆರು ಗಂಟೆ ಮುಂದುವರಿದರೆ ವೈದ್ಯರು ಎಚ್ಚರಗೊಳ್ಳುತ್ತಾರೆ. ಅದು ವಾಸೋಪ್ರೆಸಿನ್ನಿನ ತಾತ್ಕಾಲಿಕ ಆಟವೋ, ರಕ್ತದಲ್ಲಿ ದ್ರವದ ಕೊರತೆಯೋ, ಮೂತ್ರಪಿಂಡಕ್ಕೇ ಪೆಟ್ಟು ಬಿದ್ದಿದೆಯೋ ಎಂದು ವಿಚಾರಿಸುತ್ತಾರೆ. ಚಾಪೆಲ್ ಹಿಲ್ಲಿನ ಇಲಿಗಳು ಎಬ್ಬಿಸಿದಂಥ ಪ್ರಶ್ನೆಯೇ ಅದು: ಈ ಅಂಕಿ ಮೂತ್ರಪಿಂಡದ್ದೋ, ಮದ್ದಿನದ್ದೋ, ಚಾಕುವಿನದ್ದೋ?

ಮುಂದಿನ ಸಂಚಿಕೆಯಲ್ಲಿ ಭೇಟಿಯಾಗೋಣ. ಅಲ್ಲಿಯವರೆಗೆ ಮನೆಯ ಹಿರಿಯರ ಔಷಧಿಗಳದ್ದೊಂದು ಪಟ್ಟಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಟ್ಟಿರಿ.