ಹಾಕಿದ್ದಲ್ಲ, ಉಳಿದದ್ದು ಕಾಯುತ್ತದೆ

ವಾರ್ಷಿಕ ಪರೀಕ್ಷೆಗಳು ಮುಗಿದು ಬೇಸಿಗೆಯ ರಜೆ ಬಂದೊಡನೆ ಮಕ್ಕಳ ಮನಸ್ಸು ನೀರಿನತ್ತ ಓಡುತ್ತದೆ. ಒಂದು ತಲೆಮಾರಿನ ಹಿಂದೆ ಹಳ್ಳಿಯ ಹುಡುಗರು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ತೋಟದ ಬಾವಿಗೆ ಇಳಿದು ಈಜು ಕಲಿಯುತ್ತಿದ್ದರು. ಈಗ ಬಾವಿಗಳು ಆಳಕ್ಕೆ ಇಳಿದಿವೆ, ನದಿಯ ನೀರನ್ನು ತಾಯಂದಿರು ನಂಬುವುದಿಲ್ಲ. ಅನುಕೂಲವುಳ್ಳವರು ತೋಟದ ಮನೆಯ ಅಂಗಳದಲ್ಲಿಯೇ ಸಣ್ಣದೊಂದು ಈಜುಕೊಳ ಕಟ್ಟಿಸುತ್ತಾರೆ. ರಜೆಯಲ್ಲಿ ನೆಂಟರಿಷ್ಟರ ಮಕ್ಕಳೆಲ್ಲ ಅಲ್ಲಿಯೇ ಸೇರುತ್ತಾರೆ. ಆಗ ಆರಂಭವಾಗುವುದೇ ಕ್ಲೋರಿನ್ನಿನ ತಕರಾರು.

ಗಡಹಿಂಗ್ಲಜದ ಹೊರವಲಯದಲ್ಲಿ ಅಂಥ ಒಂದು ಮನೆಯನ್ನು ಉದಾಹರಣೆಗೆ ಕಲ್ಪಿಸಿಕೊಳ್ಳಬಹುದು. ಕೊಳ 8 ಮೀಟರ್ ಉದ್ದ, 4 ಮೀಟರ್ ಅಗಲ, ಒಂದೂಕಾಲು ಮೀಟರ್ ಆಳ. ಹಿಡಿಯುವ ನೀರು 40,000 ಲೀಟರ್. ಯಜಮಾನರು ಪ್ರತಿ ಸಂಜೆ ತಪ್ಪದೆ ಕ್ಲೋರಿನ್ ಹಾಕಿಸುತ್ತಾರೆ. ಆದರೂ ಮರುದಿನ ಮಧ್ಯಾಹ್ನ ಪರೀಕ್ಷಿಸಿದರೆ ಏನೂ ಉಳಿದಿರುವುದಿಲ್ಲ. ಗೋಡೆಗೆ ಪಾಚಿ ಕಟ್ಟುತ್ತದೆ, ಮಕ್ಕಳ ಕಣ್ಣು ಕೆಂಪಾಗುತ್ತದೆ, ನೀರಿನಿಂದ ಘಾಟು ವಾಸನೆ ಏಳುತ್ತದೆ. ಮನೆಯ ಹಿರಿಯರು ‘ಔಷಧ ಜಾಸ್ತಿಯಾಯಿತು, ನಾಲ್ಕು ದಿನ ನಿಲ್ಲಿಸಿ’ ಎನ್ನುತ್ತಾರೆ. ಅಂಗಡಿಯವನು ‘ಕಡಿಮೆಯಾಯಿತು, ಇನ್ನಷ್ಟು ಹಾಕಿ’ ಎನ್ನುತ್ತಾನೆ. ಇಬ್ಬರ ಮಾತಿಗೂ ಸಾಕ್ಷ್ಯವಿಲ್ಲ.

ಸಾಕ್ಷ್ಯವನ್ನು ನೀರಿನಿಂದಲೇ ಕೇಳಬೇಕು. ನೀರಿಗೆ ಸೇರಿದ ಕ್ಲೋರಿನ್ ಮೊದಲು ಅಲ್ಲಿರುವ ಕೊಳೆಯ ಮೇಲೆ ವ್ಯಯವಾಗುತ್ತದೆ. ಬೆವರು, ಮೂತ್ರ, ಮೈಗೆ ಹಚ್ಚಿದ ಎಣ್ಣೆ, ಉದುರಿದ ಎಲೆ, ಕಬ್ಬಿನ ಗದ್ದೆಯಿಂದ ಹರಿದು ಬಂದ ಯೂರಿಯಾ ಗೊಬ್ಬರದ ಅಂಶ, ಇವೆಲ್ಲ ನೀರಿನ ಮೇಲಿರುವ ಹಳೆಯ ಸಾಲ. ಸಾಲಗಾರ ಕೊಟ್ಟ ಹಣವೆಲ್ಲ ಬಾಕಿಗೆ ಜಮೆಯಾಗುವಂತೆ, ಹಾಕಿದ ಕ್ಲೋರಿನ್ ಈ ಬಾಕಿಗೆ ಸಲ್ಲುತ್ತದೆ. ಬಾಕಿ ತೀರಿದ ಮೇಲೆ ಮಿಕ್ಕುವುದಕ್ಕೆ ‘ಮುಕ್ತ ಕ್ಲೋರಿನ್’ ಎಂದು ಹೆಸರು. ರೋಗಾಣುಗಳನ್ನು ಬೇಗ ಕೊಲ್ಲುವುದು ಅದೇ. ಬೆವರು ಮತ್ತು ಮೂತ್ರದ ಸಾರಜನಕದೊಡನೆ ಕೂಡಿಕೊಂಡದ್ದು ‘ಸಂಯುಕ್ತ ಕ್ಲೋರಿನ್’, ಅಂದರೆ ಕ್ಲೋರಮೈನ್. ಅದರ ಕೊಲ್ಲುವ ಶಕ್ತಿ ಬಹಳ ಕಡಿಮೆ. ಘಾಟು ವಾಸನೆಯೂ ಕಣ್ಣಿನ ಉರಿಯೂ ಬಹುಮಟ್ಟಿಗೆ ಅದರ ಕೆಲಸ. ಆದುದರಿಂದ ವಾಸನೆ ಹೆಚ್ಚಾದುದು ಕ್ಲೋರಿನ್ ಹೆಚ್ಚಾದುದರ ಗುರುತಲ್ಲ. ಬಾಕಿ ತೀರದೆ ಉಳಿದಿರುವುದರ ಗುರುತು. ಚೊಕ್ಕಟವಾದ ಕೊಳಕ್ಕೆ ವಾಸನೆ ಅತ್ಯಲ್ಪ.

ಹಳದಿ ಬಣ್ಣ ತೋರಿಸುವ ಹಳೆಯ ಬಗೆಯ ಪರೀಕ್ಷಾ ದ್ರವದಲ್ಲಿ ಅನೇಕರು ಮೋಸಹೋಗುವುದು ಇಲ್ಲಿಯೇ. ದ್ರವ ಬೆರೆಸಿದ ಹತ್ತು ಸೆಕೆಂಡಿನೊಳಗೆ ಮೂಡುವ ಬಣ್ಣ ಮುಕ್ತ ಕ್ಲೋರಿನ್ನಿನದು. ಹದಿನೈದಿಪ್ಪತ್ತು ನಿಮಿಷ ಬಿಟ್ಟು ನೋಡಿದರೆ ಸಂಯುಕ್ತವೂ ಸೇರಿ ಬಣ್ಣ ಗಾಢವಾಗಿರುತ್ತದೆ. ಶೀಷೆಯನ್ನು ಕಟ್ಟೆಯ ಮೇಲಿಟ್ಟು ಚಹಾ ಕುಡಿದು ಬಂದು ನೋಡುವವನಿಗೆ ನೀರು ಸುರಕ್ಷಿತವೆಂದೇ ತೋರುತ್ತದೆ. ಗುಲಾಬಿ ಬಣ್ಣ ಕೊಡುವ ಡಿಪಿಡಿ ಪರೀಕ್ಷೆ ಎರಡನ್ನೂ ಬೇರೆಬೇರೆಯಾಗಿ ತೋರಿಸುವುದರಿಂದ ಅದು ಮೇಲು. ಆದರೆ ಕ್ಲೋರಿನ್ ಅತಿಯಾದಾಗ ಆ ಗುಲಾಬಿ ಬಣ್ಣವೇ ಬಿಳಚಿಹೋಗಿ ‘ಸೊನ್ನೆ’ ಎಂಬ ಭ್ರಮೆ ಹುಟ್ಟುತ್ತದೆ. ಸಂಶಯ ಬಂದರೆ ಮಾದರಿಗೆ ಕ್ಲೋರಿನ್ ಇಲ್ಲದ ಶುದ್ಧ ನೀರು ಬೆರೆಸಿ ಮತ್ತೊಮ್ಮೆ ನೋಡಬೇಕು.

ಅಳತೆ ಸರಿಯಿದ್ದೂ ಕ್ಲೋರಿನ್ ನಿಲ್ಲದಿದ್ದರೆ ಕಾರಣಗಳನ್ನು ಒಂದೊಂದಾಗಿ ವಿಚಾರಿಸಬೇಕು.

ಮೊದಲನೆಯದು ಪಿಎಚ್, ಅಂದರೆ ನೀರಿನ ಆಮ್ಲತೆ ಮತ್ತು ಕ್ಷಾರತೆಯ ಅಳತೆ. ಕ್ಲೋರಿನ್ ನೀರಿನಲ್ಲಿ ಹೈಪೋಕ್ಲೋರಸ್ ಆಮ್ಲವಾಗಿ ಇದ್ದಾಗಲೇ ಚುರುಕು. ಪಿಎಚ್ 7.2 ಇದ್ದಾಗ ಮುಕ್ತ ಕ್ಲೋರಿನ್ನಿನ ಮೂರನೆಯ ಎರಡು ಭಾಗ ಆ ರೂಪದಲ್ಲಿರುತ್ತದೆ, 7.5ರಲ್ಲಿ ಅರ್ಧ, 8ಕ್ಕೆ ಏರಿದರೆ ಸುಮಾರು ನಾಲ್ಕನೆಯ ಒಂದು ಭಾಗ ಮಾತ್ರ. ಬ್ಲೀಚಿಂಗ್ ಪೌಡರ್ ಸುಣ್ಣದಿಂದ ಆದುದರಿಂದ ಅದನ್ನು ಹಾಕಿದಷ್ಟೂ ಪಿಎಚ್ ಏರುತ್ತದೆ. ಅಂದರೆ ಔಷಧವೇ ತನ್ನ ಬಲವನ್ನು ಕುಂದಿಸಿಕೊಳ್ಳುತ್ತದೆ. ಮೊದಲು ಪಿಎಚ್ಚನ್ನು 7.2ರಿಂದ 7.8ರ ಒಳಗೆ ತಂದು, ಆಮೇಲೆ ಕ್ಲೋರಿನ್ ಹಾಕಬೇಕು.

ಎರಡನೆಯದು ಬಿಸಿಲು. ನಮ್ಮ ಕಡೆಯ ಏಪ್ರಿಲ್-ಮೇ ತಿಂಗಳ ಬಿಸಿಲಿಗೆ ರಕ್ಷಣೆಯಿಲ್ಲದ ಕ್ಲೋರಿನ್ನಿನ ಬಹುಭಾಗ ಕೆಲವೇ ಗಂಟೆಗಳಲ್ಲಿ ನಾಶವಾಗುತ್ತದೆ. ಇದನ್ನು ತಡೆಯುವುದು ಸಯನ್ಯೂರಿಕ್ ಆಮ್ಲ. ಲೀಟರಿಗೆ 30ರಿಂದ 50 ಮಿಲಿಗ್ರಾಂ ಇದ್ದರೆ ಅದು ಕ್ಲೋರಿನ್ನಿಗೆ ಕೊಡೆ ಹಿಡಿದಂತೆ.

ಆದರೆ ಮೂರನೆಯ ಕಾರಣ ಆ ಕೊಡೆಯೇ ಆಗಬಹುದು. ಈಜುಕೊಳಕ್ಕೆಂದು ಮಾರುವ ಬಿಳಿಯ ಬಿಲ್ಲೆಗಳಲ್ಲಿ ಕ್ಲೋರಿನ್ನಿನೊಡನೆ ಈ ಆಮ್ಲವೂ ಸೇರಿರುತ್ತದೆ. ಅವುಗಳಿಂದ ಪ್ರತಿ 1 ಮಿಲಿಗ್ರಾಂ ಕ್ಲೋರಿನ್ ಕೊಟ್ಟಾಗ ಸುಮಾರು 0.6 ಮಿಲಿಗ್ರಾಂ ಸಯನ್ಯೂರಿಕ್ ಆಮ್ಲ ನೀರಿಗೆ ಸೇರುತ್ತದೆ. ದಿನಕ್ಕೆ 2 ಮಿಲಿಗ್ರಾಂ ಹಾಕಿದರೆ ಮೂರು ತಿಂಗಳಲ್ಲಿ ಅದು 100 ದಾಟುತ್ತದೆ. ಕ್ಲೋರಿನ್ ವ್ಯಯವಾಗುತ್ತದೆ, ಆಮ್ಲ ಮಾತ್ರ ಉಳಿಯುತ್ತದೆ. ನೀರು ಆವಿಯಾದರೂ ಅದು ಹೋಗುವುದಿಲ್ಲ. ಅತಿಯಾದಾಗ ಕ್ಲೋರಿನ್ನನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆಯೆಂದರೆ ಪರೀಕ್ಷೆಯಲ್ಲಿ ಕ್ಲೋರಿನ್ ಇದೆಯೆಂದು ಕಂಡರೂ ಪಾಚಿ ಬೆಳೆಯುತ್ತದೆ. ಇದಕ್ಕೆ ಸುಲಭವಾದ ಮದ್ದು ಒಂದೇ: ಅರ್ಧ ನೀರು ಹೊರಹಾಕಿ ಹೊಸ ನೀರು ತುಂಬುವುದು. ಆಗ ಆಮ್ಲವೂ ಅರ್ಧಕ್ಕೆ ಇಳಿಯುತ್ತದೆ. ನೀರಿನ ಅಭಾವದ ದಿನಗಳಲ್ಲಿ ಇದು ಕಷ್ಟ. ಅದಕ್ಕಾಗಿಯೇ ಮೊದಲಿನಿಂದ ಬಿಲ್ಲೆಗಳನ್ನು ಮಿತವಾಗಿ ಬಳಸಬೇಕು.

ಇಷ್ಟೆಲ್ಲ ಸರಿಪಡಿಸಿದ ಮೇಲೆ ಹಳೆಯ ಬಾಕಿಯನ್ನು ಒಮ್ಮೆಗೇ ತೀರಿಸಬೇಕು. ದಿನವೂ ಸ್ವಲ್ಪಸ್ವಲ್ಪ ಹಾಕಿದರೆ ಕ್ಲೋರಮೈನ್ ಬೆಳೆಯುತ್ತದೆಯೇ ಹೊರತು ಮುರಿಯುವುದಿಲ್ಲ. ಸಂಯುಕ್ತ ಕ್ಲೋರಿನ್ ಎಷ್ಟಿದೆಯೋ ಅದರ ಹತ್ತರಷ್ಟು ಹಾಕುವುದು ರೂಢಿಯ ಲೆಕ್ಕ. ಆ 40,000 ಲೀಟರ್ ಕೊಳದಲ್ಲಿ ಸಂಯುಕ್ತ ಕ್ಲೋರಿನ್ ಲೀಟರಿಗೆ 0.8 ಮಿಲಿಗ್ರಾಂ ಇದೆಯೆಂದರೆ, ಲೀಟರಿಗೆ 8 ಮಿಲಿಗ್ರಾಂನಂತೆ 320 ಗ್ರಾಂ ಕ್ಲೋರಿನ್ ಬೇಕು. ಶೇಕಡಾ 65 ಬಲದ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಆದರೆ ಸುಮಾರು ಅರ್ಧ ಕಿಲೋ. ಶೇಕಡಾ 30ರ ಬ್ಲೀಚಿಂಗ್ ಪೌಡರ್ ಆದರೆ ಒಂದು ಕಿಲೋಗಿಂತ ತುಸು ಹೆಚ್ಚು. ಹೊತ್ತು ಮುಳುಗಿದ ಮೇಲೆ ಹಾಕಿ, ರಾತ್ರಿಯಿಡೀ ನೀರು ತಿರುಗುವಂತೆ ಪಂಪು ನಡೆಸಬೇಕು. ಮುಕ್ತ ಕ್ಲೋರಿನ್ 1ರಿಂದ 3 ಮಿಲಿಗ್ರಾಂಗೆ ಇಳಿದು ನಿಲ್ಲುವವರೆಗೆ ಮಕ್ಕಳನ್ನು ಇಳಿಸಬಾರದು. ನೀರಿಗಿಳಿಯುವ ಮುನ್ನ ಸಾಬೂನು ಹಚ್ಚಿ ಮೈತೊಳೆಯುವ ಅಭ್ಯಾಸ ಬಂದರೆ ಈ ಖರ್ಚಿನಲ್ಲಿ ದೊಡ್ಡ ಪಾಲು ಉಳಿಯುತ್ತದೆ.

ಒಂದು ಎಚ್ಚರಿಕೆಯನ್ನು ಮರೆಯುವಂತಿಲ್ಲ. ಪಿಎಚ್ ಇಳಿಸುವ ಆಮ್ಲವನ್ನೂ ಬ್ಲೀಚಿಂಗ್ ಪೌಡರನ್ನೂ ಒಂದೇ ಬಕೆಟ್ಟಿನಲ್ಲಿ ಕೂಡಿಸಿದರೆ ವಿಷಾನಿಲ ಏಳುತ್ತದೆ. ಬಿಲ್ಲೆಗಳನ್ನೂ ಪೌಡರನ್ನೂ ಬೆರೆಸಿದರೆ ಬೆಂಕಿ ಹೊತ್ತಬಹುದು, ಸ್ಫೋಟವೂ ಆಗಬಹುದು. ಒಂದೊಂದಕ್ಕೆ ಬೇರೆ ಪಾತ್ರೆ, ಬೇರೆ ಅಳತೆಯ ಲೋಟ, ಮಕ್ಕಳ ಕೈಗೆ ಎಟುಕದ ಜಾಗ ಇರಬೇಕು.

ಈಜುಕೊಳವಿಲ್ಲದ ಮನೆಗಳೇ ಹೆಚ್ಚು. ಆದರೆ ನೆಲದಡಿಯ ತೊಟ್ಟಿ, ಮಾಳಿಗೆಯ ಟಾಕಿ ಎಲ್ಲರ ಮನೆಯಲ್ಲಿಯೂ ಇವೆ, ಅಲ್ಲಿಯೂ ನಿಯಮ ಇದೇ. ನೇಕಾರಿಕೆಯ ಊರಾದ ಇಚಲಕರಂಜಿಗೆ ಬ್ಲೀಚಿಂಗ್ ಪೌಡರ್ ಅಪರಿಚಿತವಲ್ಲ. 1799ರಲ್ಲಿ ಗ್ಲಾಸ್ಗೋದ ಚಾರ್ಲ್ಸ್ ಟೆನಂಟ್ ಅದಕ್ಕೆ ಪೇಟೆಂಟ್ ಪಡೆದದ್ದು ಬಟ್ಟೆಯನ್ನು ಬೆಳ್ಳಗೆ ಮಾಡಲೆಂದೇ. ಅದೇ ಊರಿನಲ್ಲಿ 2012ರ ಬೇಸಿಗೆಯಲ್ಲಿ ಕಾಮಾಲೆ ವ್ಯಾಪಕವಾಗಿ ಹರಡಿ ಪ್ರಾಣಹಾನಿಯಾದುದನ್ನು ಅಲ್ಲಿನ ಕುಟುಂಬಗಳು ಮರೆತಿಲ್ಲ. ಪಂಚಗಂಗೆಯ ಮಾಲಿನ್ಯದ ಪ್ರಶ್ನೆ ಮುಂಬಯಿ ಉಚ್ಚ ನ್ಯಾಯಾಲಯದವರೆಗೂ ಹೋಯಿತು.

ಕ್ಲೋರಿನ್ ಹಾಕಿದರೂ ಕಾಮಾಲೆ ಬರುವುದು ಹೇಗೆ ಎಂಬ ಪ್ರಶ್ನೆಗೆ ದಿಲ್ಲಿಯ ಹಳೆಯ ಪ್ರಕರಣ ಉತ್ತರ ಕೊಡುತ್ತದೆ. 1955ರ ಕೊನೆಯಲ್ಲಿ ನಜಫ್‌ಗಢ ನಾಲೆಯ ಕೊಳಚೆ ವಜೀರಾಬಾದಿನ ನೀರೆತ್ತುವ ಸ್ಥಳಕ್ಕೆ ನುಗ್ಗಿತು. ಜಲಾಗಾರದವರು ಕ್ಲೋರಿನ್ ಪ್ರಮಾಣವನ್ನು ಏರಿಸಿದರು. ಟೈಫಾಯಿಡ್, ಆಮಶಂಕೆ ಹೆಚ್ಚಲಿಲ್ಲ. ಆದರೆ ಸುಮಾರು 29,000 ಮಂದಿಗೆ ಕಾಮಾಲೆ ಬಂತು. ಕೊಳೆ ತುಂಬಿದ ನೀರಿನಲ್ಲಿ ಹಾಕಿದ ಕ್ಲೋರಿನ್ ಬ್ಯಾಕ್ಟೀರಿಯಾಗಳಿಗೆ ಸಾಕಾಯಿತು, ವೈರಸ್ಸಿಗೆ ಸಾಲಲಿಲ್ಲ. ಆ ವೈರಸ್ಸನ್ನು ಮುಂದೆ ಹೆಪಟೈಟಿಸ್ ಇ ಎಂದು ಗುರುತಿಸಲಾಯಿತು. ಗರ್ಭಿಣಿಯರಿಗೆ ಅದು ವಿಶೇಷವಾಗಿ ಮಾರಕ. ಭಾರತೀಯ ಮಾನಕ ಐಎಸ್ 10500 ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಮುಕ್ತ ಕ್ಲೋರಿನ್ ಉಳಿದಿರಬೇಕು ಎನ್ನುತ್ತದೆ. ವೈರಸ್ಸಿನ ಭಯವಿರುವಲ್ಲಿ ಕನಿಷ್ಠ 0.5 ಎನ್ನುತ್ತದೆ.

ಮನೆಯ ತೊಟ್ಟಿಗೆ ಇದನ್ನು ಅನ್ವಯಿಸುವುದು ಕಷ್ಟವಲ್ಲ. ನೀರು ರಾಡಿಯಾಗಿದ್ದರೆ ಮೊದಲು ತಿಳಿಗೊಳಿಸಬೇಕು. 1,000 ಲೀಟರಿಗೆ ಎರಡೂವರೆ ಗ್ರಾಂ ಹೊಸ ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ತೊಟ್ಟಿಗೆ ಸುರಿಯಬೇಕು. ಒಂದು ಗಂಟೆ ಬಿಟ್ಟು ಪರೀಕ್ಷಿಸಬೇಕು. ಉಳಿದದ್ದು 0.5ಕ್ಕಿಂತ ಕಡಿಮೆಯಿದ್ದರೆ ನೀರಿನ ಬಾಕಿ ದೊಡ್ಡದಿದೆ ಎಂದು ತಿಳಿದು ಪ್ರಮಾಣ ಹೆಚ್ಚಿಸಬೇಕು. ಬಾಯಿ ತೆರೆದಿಟ್ಟ ಚೀಲದ ಪೌಡರು ಗಾಳಿ, ತೇವಕ್ಕೆ ಬಲಗುಂದಿ ಬರಿಯ ಸುಣ್ಣವಾಗಿರುತ್ತದೆ ಎಂಬುದೂ ನೆನಪಿರಲಿ. ಸಂಶಯವಿರುವಾಗ ಕುದಿಸಿ ಆರಿಸಿದ ನೀರೇ ಮೇಲು.

ಹಾಕಿದುದನ್ನಲ್ಲ, ಫಲವನ್ನು ನೋಡಬೇಕೆಂಬ ನ್ಯಾಯ ಹೊಸದೇನಲ್ಲ. ಅಮೆರಿಕದ ಜರ್ಸಿ ಸಿಟಿ ನಗರಕ್ಕೂ ಅದರ ನೀರಿನ ಕಂಪನಿಗೂ ನಡೆದ ವ್ಯಾಜ್ಯದಲ್ಲಿ ಪ್ರಶ್ನೆ ಇದ್ದದ್ದು, ಕರಾರಿನಂತೆ ಶುದ್ಧವೂ ಆರೋಗ್ಯಕರವೂ ಆದ ನೀರು ಬರುತ್ತಿದೆಯೇ ಎಂಬುದು. ಕಂಪನಿಯ ಪರವಾಗಿ ವೈದ್ಯ ಜಾನ್ ಲೀಲ್ 1908ರ ಸೆಪ್ಟೆಂಬರಿನಲ್ಲಿ ಬ್ಲೀಚಿಂಗ್ ಪೌಡರಿನ ದ್ರಾವಣವನ್ನು ನಿರಂತರವಾಗಿ ಬೆರೆಸತೊಡಗಿದರು. 1910ರಲ್ಲಿ ಆ ಕ್ರಮ ಪರಿಣಾಮಕಾರಿ ಎಂದು ನಿರ್ಣಯವಾದದ್ದು ನೀರಿನ ಪರೀಕ್ಷೆಗಳ ಸಾಕ್ಷ್ಯವನ್ನು ತೂಗಿದ ಮೇಲೆ.

ಕೊಲ್ಹಾಪುರದ ಕೆಳಗೆ ಹರಿಯುವ ಪಂಚಗಂಗೆ ನರಸೋಬಾವಾಡಿಯಲ್ಲಿ ಕೃಷ್ಣೆಯನ್ನು ಸೇರಿ ಕರ್ನಾಟಕಕ್ಕೆ ಸಾಗುತ್ತದೆ; ಗಡಹಿಂಗ್ಲಜದ ಹಿರಣ್ಯಕೇಶಿ ಸಂಕೇಶ್ವರದ ಕಡೆಗೆ ಹರಿಯುತ್ತದೆ. ನದಿಯನ್ನು ಸ್ವಚ್ಛವಾಗಿಸುವ ಕೆಲಸ ಒಂದು ಮನೆಯ ಕೈಯಲ್ಲಿಲ್ಲ. ಶಾಲೆಯ ಟಾಕಿ ಮಾತ್ರ ಪಾಲಕರ ಕೈಗೆ ಎಟುಕುವಷ್ಟು ಹತ್ತಿರದಲ್ಲಿದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಅನುಸೂಚಿಯಲ್ಲಿ ಎಲ್ಲ ಮಕ್ಕಳಿಗೂ ಸುರಕ್ಷಿತವಾದ, ಸಾಕಷ್ಟು ಕುಡಿಯುವ ನೀರು ಇರಬೇಕೆಂದಿದೆ. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಪಾಲಕರ ಸಭೆಯಲ್ಲಿ ‘ಟಾಕಿಗೆ ಔಷಧ ಹಾಕಿದ್ದೀರಾ?’ ಎಂದು ಕೇಳಿದರೆ ‘ಹಾಕಿದ್ದೇವೆ’ ಎಂಬ ಉತ್ತರ ಬರುತ್ತದೆ, ಅದು ಸುಳ್ಳೂ ಇರಲಾರದು. ಕೇಳಬೇಕಾದ ಪ್ರಶ್ನೆ ಬೇರೆ: ಈ ಬೆಳಿಗ್ಗೆ ನಲ್ಲಿಯ ನೀರಿನಲ್ಲಿ ಎಷ್ಟು ಉಳಿದಿತ್ತು, ಅದನ್ನು ಯಾವ ವಹಿಯಲ್ಲಿ ಬರೆದಿದೆ? ಹತ್ತು ಸೆಕೆಂಡಿನ ಆ ಪರೀಕ್ಷೆಯನ್ನು ಏಳನೆಯ ತರಗತಿಯ ಮಕ್ಕಳೇ ಶಿಕ್ಷಕರ ಎದುರಿನಲ್ಲಿ ನೋಡಿ ಬರೆದಿಡಬಲ್ಲರು.